ಪ್ಲಾನ್ 100 ಎಂಬಿಪಿಎಸ್, ಮಹಡಿ ಕೋಣೆಗೆ ಬರುವುದು ನಾಲ್ಕು

ಪ್ರಶ್ನೆ: ಶಿವಮೊಗ್ಗದಲ್ಲಿ 30×40 ಸೈಟಿನಲ್ಲಿ ನಮ್ಮದು ಕೆಳಗೊಂದು ಮೇಲೊಂದು ಅಂತಸ್ತಿನ ಆರ್‌ಸಿಸಿ ಮನೆ. ಫೈಬರ್ ಇಂಟರ್‌ನೆಟ್, 100 ಎಂಬಿಪಿಎಸ್ ಪ್ಲಾನ್. ರೌಟರ್ ಕೆಳಗಿನ ಹಾಲ್‌ನಲ್ಲಿ, ಮುಂಬಾಗಿಲ ಪಕ್ಕ ಟಿವಿ ಹಿಂದೆ ಇದೆ. ಮಹಡಿಯ ಹಿಂದಿನ ಕೋಣೆಯಲ್ಲಿ ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಅಲ್ಲಿ ನಾಲ್ಕೈದು ಎಂಬಿಪಿಎಸ್ ದಾಟುವುದಿಲ್ಲ, ಮೀಟಿಂಗ್ ನಡುವೆ ಧ್ವನಿ ಕಡಿದುಹೋಗುತ್ತದೆ. ರಿಪೀಟರ್ ತಂದು ಅದೇ ಕೋಣೆಯಲ್ಲಿ ಹಾಕಿದೆವು, ಪ್ರಯೋಜನವಾಗಲಿಲ್ಲ. 300 ಎಂಬಿಪಿಎಸ್ ಪ್ಲಾನ್‌ಗೆ ಹೋಗಬೇಕೇ? ಇನ್ನೊಂದು ವಿಷಯ: ವೈಫೈ ಪಾಸ್‌ವರ್ಡ್ ನನ್ನ ಮೊಬೈಲ್ ನಂಬರ್. ಅಕ್ಕಪಕ್ಕದವರು ಬಳಸುತ್ತಿದ್ದಾರೆ ಎಂಬ ಅನುಮಾನವಿದೆ. ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ, ಅದಕ್ಕೇನು ಮಾಡಬಹುದು?

ಉತ್ತರ: ಪ್ಲಾನ್ ಬದಲಿಸಬೇಡಿ. ನಿಮ್ಮ ಮನೆಗೆ 100 ಎಂಬಿಪಿಎಸ್ ಬಂದೇ ಬರುತ್ತಿದೆ, ಮನೆಯೊಳಗೆ ಮೆಟ್ಟಿಲು ಹತ್ತುತ್ತಿಲ್ಲ ಅಷ್ಟೇ. 300 ತೆಗೆದುಕೊಂಡರೂ ಆ ಕೋಣೆಗೆ ಸಿಗುವುದು ಇದೇ ನಾಲ್ಕೈದು. ಬಾವಿಯಲ್ಲಿ ನೀರಿದೆ, ಪೈಪು ಸರಿಯಿಲ್ಲ ಎಂದುಕೊಳ್ಳಿ.

ಆದರೂ ಊಹೆಯ ಮೇಲೆ ಖರ್ಚು ಮಾಡುವ ಮೊದಲು ಅರ್ಧ ಗಂಟೆ ಅಳತೆಗೆ ಕೊಡಿ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೌಟರ್‌ಗೆ ಜೋಡಿಸಿ, ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ನಡೆಸಿ. 90ರ ಮೇಲೆ ಬಂದರೆ ಕಂಪನಿಯ ಕಡೆ ತೊಂದರೆಯಿಲ್ಲ. 30-40 ಮಾತ್ರ ಬಂದರೆ ಈ ಉತ್ತರವನ್ನು ಪಕ್ಕಕ್ಕಿಟ್ಟು ಮೊದಲು ಕಂಪನಿಗೆ ದೂರು ಕೊಡಿ. ಆಮೇಲೆ ಕೇಬಲ್ ತೆಗೆದು ರೌಟರ್‌ನಿಂದ ಎರಡು ಮೀಟರ್ ದೂರದಲ್ಲಿ ವೈಫೈ ಮೇಲೆ ಅದೇ ಪರೀಕ್ಷೆ. ಕೊನೆಯದು ಮಹಡಿಯ ಕೋಣೆಯಲ್ಲಿ, ಬಾಗಿಲು ಮುಚ್ಚಿ. ಮೂರೂ ಅಂಕಿ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಹೋಲಿಸಲು ಬೇಕಾಗುತ್ತವೆ.

ಜೊತೆಗೆ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಜಾತಿಯ ಯಾವುದಾದರೂ ಉಚಿತ ಆಪ್ ಹಾಕಿ, ಅದು ತೋರಿಸುವ ಡಿಬಿಎಂ ಅಂಕಿ, ಅಂದರೆ ಸಿಗ್ನಲ್ ಶಕ್ತಿಯ ಅಳತೆ ನೋಡಿ. ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಡಿಬಿಎಂ ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಬೊಂಬಾಟ್, ಮೈನಸ್ 67ರವರೆಗೆ ವಿಡಿಯೊ ಕರೆ ಸರಾಗ, ಮೈನಸ್ 75 ದಾಟಿದರೆ ಒದ್ದಾಟ, 80ರ ಆಚೆ ಹೆಸರಿಗೆ ಮಾತ್ರ ಸಂಪರ್ಕ. ಇದು ಕೂಡುವ ಕಳೆಯುವ ಸಾದಾ ಲೆಕ್ಕವಲ್ಲ. 3 ಕಡಿಮೆಯಾದರೆ ಶಕ್ತಿ ಅರ್ಧ, 10 ಕಡಿಮೆಯಾದರೆ ಹತ್ತರಲ್ಲೊಂದು ಪಾಲು. ಮೈನಸ್ 50ಕ್ಕೂ ಮೈನಸ್ 80ಕ್ಕೂ ನಡುವಿನ ವ್ಯತ್ಯಾಸ ಸಾವಿರ ಪಟ್ಟು.

ಈಗ ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ಸಾಮಾನ್ಯ ರೌಟರ್ ಬಿಡುವುದು ಸುಮಾರು 100 ಮಿಲಿವಾಟ್, ಅಂದರೆ 20 ಡಿಬಿಎಂ. ಎರಡು ಬ್ಯಾಂಡಿನ ರೌಟರ್ ಬಿಡುವ ಅಲೆ ಎರಡು ಬಗೆ, 2.4 ಮತ್ತು 5 ಗಿಗಾಹರ್ಟ್ಸ್. ಗೋಡೆಯೇ ಇಲ್ಲದ ಬಯಲಿನಲ್ಲಿ ಹತ್ತು ಮೀಟರ್ ಸಾಗುವಷ್ಟರಲ್ಲಿ 2.4 ಗಿಗಾಹರ್ಟ್ಸ್‌ನ ಅಲೆ 60 ಡಿಬಿ (ಡಿಬಿಎಂ ಅಂಕಿಯಲ್ಲಿನ ಏರಿಳಿತದ ಅಳತೆ) ಕಳೆದುಕೊಳ್ಳುತ್ತದೆ, 5 ಗಿಗಾಹರ್ಟ್ಸ್‌ನದು 67. ಹಾಗಾಗಿ ಬಯಲಲ್ಲಿ ಮೈನಸ್ 40 ಮತ್ತು ಮೈನಸ್ 47. ನಿಮ್ಮ ಹಾಲ್‌ನಿಂದ ಮಹಡಿಯ ಹಿಂದಿನ ಕೋಣೆಗೆ ನೇರ ಗೆರೆ ಎಳೆದರೆ ದೂರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಡುವೆ ಕಬ್ಬಿಣ ಹೆಣೆದ ಒಂದು ಸ್ಲ್ಯಾಬ್ ಇದೆ, ಎರಡು ಗೋಡೆ ಇವೆ. ಗಾರೆ ಹಾಕಿದ ಇಟ್ಟಿಗೆ ಗೋಡೆ 2.4ರಲ್ಲಿ ಆರೇಳು ಡಿಬಿ ನುಂಗಿದರೆ 5ರಲ್ಲಿ ಹತ್ತರ ಹತ್ತಿರ. ಸ್ಲ್ಯಾಬ್ 2.4ರಲ್ಲಿ ಹದಿನೈದಕ್ಕೂ ಹೆಚ್ಚು, 5ರಲ್ಲಿ ಇಪ್ಪತ್ತೈದರ ಆಸುಪಾಸು. ಕೂಡಿಸಿ ನೋಡಿ: ಆ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಮೈನಸ್ 90 ದಾಟುತ್ತದೆ, ಅಂದರೆ ಇಲ್ಲವೇ ಇಲ್ಲ. 2.4 ಮೈನಸ್ 70ರ ಸುತ್ತ ಉಸಿರು ಹಿಡಿದುಕೊಂಡಿರುತ್ತದೆ. ಅಲೆ ಗೋಡೆಯನ್ನು ಓರೆಯಾಗಿ ದಾಟಿದರಂತೂ ಒಂಬತ್ತು ಇಂಚಿನ ಗೋಡೆ ಅದರ ಪಾಲಿಗೆ ಹದಿನೆಂಟು ಇಂಚಾಗಬಹುದು. ಮಗಳ ಲ್ಯಾಪ್‌ಟಾಪ್ 2.4ಕ್ಕೆ ಜಾರಿ ಬೀದಿಯ ಹತ್ತಾರು ರೌಟರ್‌ಗಳ ಗದ್ದಲದ ನಡುವೆ ನಾಲ್ಕು ಎಂಬಿಪಿಎಸ್ ಹೆಕ್ಕುತ್ತಿದೆ.

ಹೆಂಚಿನ ಮನೆಯವರಿಗೆ, ಮಣ್ಣಿನ ಗೋಡೆಯ ಹಳೆಯ ಮನೆಯವರಿಗೆ ಮೇಲಿನ ಸ್ಲ್ಯಾಬಿನ ಕಾಟವಿಲ್ಲ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಯವರದು ಬೇರೆಯೇ ಪಾಡು, ಮಳೆಗಾಲದಲ್ಲಿ ಕಲ್ಲು ನೀರು ಕುಡಿದಾಗ ಇನ್ನೂ ಒಂದಿಷ್ಟು ಸಿಗ್ನಲ್ ಕುಡಿಯುತ್ತದೆ. ನೀರು ವೈಫೈಗೆ ಆಗದು. ಅಕ್ವೇರಿಯಂ ಹಿಂದೆ ರೌಟರ್ ಇಟ್ಟವರು ಇದನ್ನು ಗಮನಿಸಿ. ಕಬ್ಬಿಣದ ಬೀರು, ಆಳೆತ್ತರದ ಕನ್ನಡಿ, ಫ್ರಿಜ್ ಇವೆಲ್ಲ ಅಲೆಗೆ ಬಹುತೇಕ ಮುಚ್ಚಿದ ಬಾಗಿಲು.

ಹೆಚ್ಚು ಪವರ್ ಇರುವ, ಎಂಟು ಆಂಟೆನಾದ ರೌಟರ್ ತಂದರೆ ಸರಿಹೋಗುತ್ತದಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಹೋಗುವುದಿಲ್ಲ. ರೌಟರ್ ಕೂಗಿದ್ದು ಫೋನಿಗೆ ಕೇಳಿಸಿದರೆ ಸಾಲದು, ಫೋನ್ ಹೇಳಿದ್ದು ರೌಟರ್‌ಗೂ ಕೇಳಿಸಬೇಕು. ಫೋನಿನ ಬ್ಯಾಟರಿ ಚಿಕ್ಕದು, ಆಂಟೆನಾ ಚಿಕ್ಕದು, ದನಿಯೂ ಚಿಕ್ಕದು. ಕಡ್ಡಿ ತುಂಬ ಇದ್ದರೂ ಪುಟ ತೆರೆಯದಿರುವುದಕ್ಕೆ ಅನೇಕ ಸಲ ಇದೇ ಕಾರಣ.

ದುಡ್ಡು ಬೇಡದ ಕೆಲಸ ಮೊದಲು. ರೌಟರನ್ನು ಟಿವಿ ಹಿಂದಿನಿಂದ ಹೊರಗೆ ತನ್ನಿ. ಟಿವಿಯ ಹಿಂಬದಿಯಲ್ಲಿ ಲೋಹದ ತಗಡೇ ಇರುತ್ತದೆ, ನೀವು ಅದನ್ನು ರೌಟರ್‌ಗೆ ಅಡ್ಡ ನಿಲ್ಲಿಸಿದ್ದೀರಿ. ಮೆಟ್ಟಿಲು ಇರುವ ಕಡೆಗೆ, ಆರಡಿ ಎತ್ತರದಲ್ಲಿ ಗೋಡೆಗೆ ಹಾಕಿ. ಸ್ಲ್ಯಾಬಿನಲ್ಲಿ ಮೆಟ್ಟಿಲ ತೆರಪೊಂದೇ ಕಾಂಕ್ರೀಟ್ ಇಲ್ಲದ ಜಾಗ, ಅಲೆ ಅಲ್ಲಿಂದ ಮೇಲೇರುತ್ತದೆ. ಫೈಬರ್ ತಂತಿ ಅಷ್ಟು ದೂರ ಎಟುಕದಿದ್ದರೆ ಉದ್ದದ ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಕನೆಕ್ಟರ್ ಇರುವ ಫೈಬರ್ ತಂತಿ ಸಿಗುತ್ತದೆ. ತುದಿಯ ಕನೆಕ್ಟರ್ ಹಸಿರು ಬಣ್ಣದ್ದೇ ಇರಲಿ, ನೀಲಿ ಬಣ್ಣದ್ದನ್ನು ಹಸಿರು ಕಿಂಡಿಗೆ ತುರುಕಿದರೆ ಗಾಜಿನ ತುದಿಗಳು ಕೂಡುವುದಿಲ್ಲ, ಬೆಳಕು ಸೋರುತ್ತದೆ. ಫೈಬರನ್ನು ವಿದ್ಯುತ್ ತಂತಿಯ ಹಾಗೆ ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಬೇಡಿ. ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿದರೆ ಬೆಳಕು ಹೊರಬೀಳಬಹುದು, ಪೆಟ್ಟಿಗೆಯ ಮೇಲೆ ಸಿಗ್ನಲ್ ಕಡಿದಿದೆ ಎಂದು ತೋರಿಸುವ ಎಲ್‌ಒಎಸ್ ದೀಪ ಕೆಂಪಾಗುತ್ತದೆ.

ಆಂಟೆನಾ ಬಗ್ಗೆ ಒಂದು ಮಾತು. ಕಡ್ಡಿಯಂಥ ಆಂಟೆನಾದ ತುದಿಯಿಂದ ಸಿಗ್ನಲ್ ಚಿಮ್ಮುತ್ತದೆ ಎಂದುಕೊಂಡು ಅದನ್ನು ಮಹಡಿಯತ್ತ ಗುರಿಯಿಡುವವರಿದ್ದಾರೆ. ನಿಜ ಸಂಗತಿ ತಿರುಗುಮುರುಗು. ಅಲೆ ಹೊರಡುವುದು ಕಡ್ಡಿಯ ಮೈಯಿಂದ, ಉದ್ದಿನವಡೆಯ ಆಕಾರದಲ್ಲಿ. ಕಡ್ಡಿ ವಡೆಯ ತೂತಿನಲ್ಲಿ ನಿಂತಂತೆ. ತುದಿಯ ನೇರಕ್ಕೆ ಸಿಗುವುದೇ ಕಡಿಮೆ. ಹಾಗಾಗಿ ಒಂದೆರಡು ಆಂಟೆನಾ ನೆಟ್ಟಗಿರಲಿ, ಒಂದನ್ನು ನೆಲಕ್ಕೆ ಸಮಾನಾಂತರವಾಗಿ ಮಲಗಿಸಿ. ಆ ಒಂದು ಮೇಲಕ್ಕೂ ಕೆಳಕ್ಕೂ ಹರಡುತ್ತದೆ.

ಇಷ್ಟರಿಂದ ಎಂಟು ಹತ್ತು ಡಿಬಿ ಸಿಕ್ಕರೆ ಸಣ್ಣ ವಿಷಯವಲ್ಲ, ಆದರೆ ಕೆಲಸದ ಕೋಣೆಗೆ ಅದು ಸಾಲದು. ರಿಪೀಟರ್ ಯಾಕೆ ಸೋತಿತು ಎಂಬುದನ್ನೂ ಹೇಳಿಬಿಡುತ್ತೇನೆ. ನೀವು ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಇಟ್ಟಿರಿ. ಅದಕ್ಕೆ ಸಿಗುವುದೇ ನಾಲ್ಕು ಎಂಬಿಪಿಎಸ್ ಆದರೆ ಹಂಚುವುದೂ ಅದನ್ನೇ, ಪೂರ್ತಿ ಕಡ್ಡಿ ತೋರಿಸುತ್ತ. ಮೇಲಾಗಿ ಅಗ್ಗದ ರಿಪೀಟರ್ ಒಂದೇ ಚಾನಲ್‌ನಲ್ಲಿ ಕೇಳಿಸಿಕೊಂಡು ಅದೇ ಚಾನಲ್‌ನಲ್ಲಿ ಮತ್ತೆ ಹೇಳುತ್ತದೆ. ಪ್ರತಿ ಮಾತೂ ಗಾಳಿಯಲ್ಲಿ ಎರಡು ಸಲ, ಹಾಗಾಗಿ ವೇಗ ಅರ್ಧ. ಅದನ್ನು ಎಸೆಯಬೇಡಿ, ಮೆಟ್ಟಿಲ ತಿರುವಿನಲ್ಲಿ, ಮೈನಸ್ 60ರ ಆಸುಪಾಸು ಸಿಗ್ನಲ್ ಇರುವ ಕಡೆ ಹಾಕಿ ನೋಡಿ. ಫೋನ್ ನೋಡುವುದಕ್ಕೆ ನಡೆಯುತ್ತದೆ. ಒಂದೇ ಜಾಲವಾಗಿ ಕೆಲಸ ಮಾಡುವ ಮೂರು ಡಬ್ಬಿಗಳ ಮೆಶ್ ಕಿಟ್ ಇದಕ್ಕಿಂತ ಜಾಣ, ಆದರೂ ತಂತಿಯಿಲ್ಲದೆ ಜೋಡಿಸಿದರೆ ಅದೇ ಸ್ಲ್ಯಾಬನ್ನು ಅದೇ ಗಾಳಿಯಲ್ಲಿ ದಾಟಬೇಕು.

ನನ್ನ ಮಾತು ಕೇಳುವುದಾದರೆ ಒಂದೇ ಒಂದು ಎತರ್ನೆಟ್ ತಂತಿ ಮೇಲಕ್ಕೆ ಎಳೆಸಿ, ಅಲ್ಲಿ ಎರಡನೇ ರೌಟರ್ ಇಡಿ. ಹೊಸದು ಬೇಕೆಂದಿಲ್ಲ, ಹಿಂದಿನ ಸಂಪರ್ಕದಿಂದ ಉಳಿದು ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಎರಡೂ ಬ್ಯಾಂಡಿನ ರೌಟರ್ ಇದ್ದರೆ ಅದೇ ಸಾಕು.

ಗೋಡೆ ಒಡೆಯಬೇಕಿಲ್ಲ. ಮನೆ ಕಟ್ಟುವಾಗ ಡಿಶ್ ಟಿವಿಗೆಂದು ತಾರಸಿಯಿಂದ ಹಾಲ್‌ವರೆಗೆ ಪೈಪು ಇಟ್ಟಿರುತ್ತಾರೆ, ಅದು ಮಹಡಿ ದಾಟಿಯೇ ಬಂದಿರುತ್ತದೆ. ಒಳಗಿನ ಹಳೆಯ ದಪ್ಪ ಕೇಬಲ್ ಬಳಕೆಯಲ್ಲಿಲ್ಲದಿದ್ದರೆ ಅದೇ ನಿಮ್ಮ ಎಳೆಯುವ ಹಗ್ಗ. ಹಳೆಯ ಕೇಬಲಿನ ತುದಿಗೆ ಹೊಸ ತಂತಿಯನ್ನು ಒಂದು ಗೇಣು ಉದ್ದಕ್ಕೆ ಸೇರಿಸಿ, ಟೇಪನ್ನು ಓರೆಯಾಗಿ ನುಣುಪಾಗಿ ಸುತ್ತಿ, ಮೇಲೆ ಟಾಲ್ಕಂ ಪೌಡರ್ ಸವರಿ. ಒಬ್ಬರು ಮೇಲಿನಿಂದ ಎಳೆಯಬೇಕು, ಒಬ್ಬರು ಕೆಳಗಿನಿಂದ ತಳ್ಳಿ ಕೊಡಬೇಕು. ಪೋರ್ಟಿಗೆ ಚುಚ್ಚುವ ಕ್ಲಿಪ್ ಮೊದಲೇ ಹಾಕಿದ ತಂತಿಯನ್ನು ಎಳೆಯಬೇಡಿ, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆದ ಮೇಲೆ ಕ್ಲಿಪ್ ಹಾಕಿ. ಲೈಟು ಫ್ಯಾನಿನ 230 ವೋಲ್ಟ್ ತಂತಿ ಹೋಗುವ ಪೈಪಿನಲ್ಲಿ ಮಾತ್ರ ಇದನ್ನು ತೂರಿಸಬೇಡಿ. ಸಿಗ್ನಲ್ ಕೆಡುವುದು ಆಮೇಲಿನ ಮಾತು, ಒಂದು ಕಡೆ ನಿರೋಧಕ ಸುಲಿದರೆ ಜೀವಕ್ಕೇ ಅಪಾಯ.

ತಂತಿ ಕ್ಯಾಟ್-6 ದರ್ಜೆಯದಿರಲಿ, 20 ಮೀಟರ್ ತನ್ನಿ, ಎರಡೂ ಕಡೆ ಒಂದೊಂದು ಮೀಟರ್ ಉಳಿಯಲಿ. ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವ ಸಿಸಿಎ ತಂತಿ ತರಬೇಡಿ. ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಂಡೀತು. ಅಪ್ಪಟ ತಾಮ್ರ ಎಷ್ಟು ಕೆರೆದರೂ ಕೆಂಪೇ. ಅಲ್ಯೂಮಿನಿಯಂ ಎಳೆ ಎರಡು ಮೂರು ಸಲ ಬಾಗಿಸಿದರೆ ಮುರಿಯುತ್ತದೆ, ಪೈಪಿನೊಳಗೆ ಮುರಿದರೆ ಗೊತ್ತೇ ಆಗುವುದಿಲ್ಲ.

ಕ್ಲಿಪ್ ಹಾಕುವಾಗ ಎಡಗಡೆಯಿಂದ ಬಣ್ಣದ ಕ್ರಮ ಹೀಗೆ, ಚಿನ್ನದ ಬಣ್ಣದ ಹಲ್ಲುಗಳು ನಿಮ್ಮ ಕಡೆ ಮುಖಮಾಡಿ ಮೇಲಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೂ ಇದೇ. ಎಲ್ಲರೂ ಎಡವುವುದು ನಡುವಿನ ನಾಲ್ಕರಲ್ಲಿ. ಹಸಿರಿನ ಜೋಡಿಯನ್ನು ಪಕ್ಕಪಕ್ಕ, ನೀಲಿಯ ಜೋಡಿಯನ್ನು ಪಕ್ಕಪಕ್ಕ ಇಟ್ಟರೆ ನೋಡಲು ಒಪ್ಪವಾಗಿರುತ್ತದೆ. ಟೆಸ್ಟರ್‌ನಲ್ಲಿ ಎಂಟೂ ದೀಪ ಸಾಲಾಗಿ ಉರಿಯುತ್ತವೆ. ಆದರೂ ನೆಟ್ ಬಂದು ಹೋಗುತ್ತದೆ. ಮೂರನೆಯ ಮತ್ತು ಆರನೆಯ ಹಲ್ಲು ಒಂದೇ ಜೋಡಿಯ ಎರಡು ಎಳೆಗಳಿಗೆ ಸೇರಬೇಕು, ಆಗಲೇ ಆ ಎಳೆಗಳ ಹೊಸೆತ ಹೊರಗಿನ ಗದ್ದಲವನ್ನು ರದ್ದು ಮಾಡುವುದು. ಜೋಡಿ ತಪ್ಪಿದರೆ ತಂತಿ ಕೂಡಿದೆ, ಹೊಸೆತದ ಗುಣ ಹೋಗಿದೆ. ಟೆಸ್ಟರ್ ಇದನ್ನು ಹಿಡಿಯಲಾರದು. ಇನ್ನೊಂದು ಗುರುತು: ಲ್ಯಾಪ್‌ಟಾಪಿನ ನೆಟ್‌ವರ್ಕ್ ವಿವರದಲ್ಲಿ ಲಿಂಕ್ ಸ್ಪೀಡ್ 1000 ಇರಬೇಕು. ಎರಡೂ ಕಡೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದ್ದೂ 100 ತೋರಿಸಿದರೆ ನೀಲಿ ಅಥವಾ ಕಂದು ಜೋಡಿಯಲ್ಲಿ ಎಲ್ಲೋ ಕಡಿತವಿದೆ, 100ಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಎರಡೇ ಸಾಕು.

ಈಗ ಹಳೆಯ ರೌಟರ್ ಸಿದ್ಧಪಡಿಸುವುದು. ಅದನ್ನು ಇನ್ನೂ ಮನೆಯ ನೆಟ್‌ಗೆ ಸೇರಿಸಬೇಡಿ. ಲ್ಯಾಪ್‌ಟಾಪಿನಿಂದ ಅದಕ್ಕೆ ಕೇಬಲ್ ಹಾಕಿ ಅದರ ಸೆಟ್ಟಿಂಗ್ ಪುಟ ತೆರೆಯಿರಿ. ಆಕ್ಸೆಸ್ ಪಾಯಿಂಟ್ ಮೋಡ್ (ಮುಖ್ಯ ರೌಟರ್‌ನ ಜಾಲವನ್ನೇ ವೈಫೈಯಾಗಿ ಹಂಚುವ ಕ್ರಮ) ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಮೊದಲು ಅದರ ಲ್ಯಾನ್ ವಿಳಾಸ, ಅಂದರೆ ಮನೆಯ ಜಾಲದೊಳಗಿನ ವಿಳಾಸ ಬದಲಿಸಿ: ಕೆಳಗಿನ ಮುಖ್ಯ ಪೆಟ್ಟಿಗೆ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಮುಖ್ಯ ಪೆಟ್ಟಿಗೆಯ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಕೊಡುವ ವ್ಯವಸ್ಥೆ) ಹಂಚಿಕೆ 10ರಿಂದ ಶುರುವಾಗುವಂತೆ ಮಾಡಿಬಿಡಿ, ಆಗ ಆ 2 ಬೇರೆ ಯಾವ ಫೋನಿಗೂ ಹೋಗುವುದಿಲ್ಲ. ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು ಹಳೆಯ ರೌಟರ್‌ನ ಡಿಎಚ್‌ಸಿಪಿ ಆಫ್ ಮಾಡಿ. ಈ ಒಂದನ್ನು ಮರೆತರೆ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ. ಯಾರ ಫೋನಿಗೆ ಮೊದಲು ಯಾರು ಉತ್ತರ ಕೊಟ್ಟರೋ ಅದರ ಮೇಲೆ ಭಾಗ್ಯ. ಅಪ್ಪನ ಫೋನಿನಲ್ಲಿ ನೆಟ್ ಇರುತ್ತದೆ, ಅಮ್ಮನದರಲ್ಲಿ 'ಕನೆಕ್ಟೆಡ್, ಇಂಟರ್‌ನೆಟ್ ಇಲ್ಲ'. ಕೊನೆಗೆ ಕೆಳಗಿನಿಂದ ಬಂದ ತಂತಿಯನ್ನು ಹಳೆಯ ರೌಟರ್‌ನ ಲ್ಯಾನ್ ಪೋರ್ಟಿಗೆ ಚುಚ್ಚಿ. ಹೊರಗಿನ ಇಂಟರ್‌ನೆಟ್‌ಗೆಂದು ಬೇರೆ ಬಣ್ಣದಲ್ಲಿರುವ ವ್ಯಾನ್ ಪೋರ್ಟ್ ಖಾಲಿ ಇರಲಿ.

ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಎರಡೂ ಕಡೆ ಅಕ್ಷರವೂ ಬದಲಾಗದಂತೆ ಒಂದೇ ಇರಲಿ. ಚಾನಲ್ ಮಾತ್ರ ಬೇರೆ ಬೇರೆ. 2.4ರಲ್ಲಿ ಕೆಳಗೆ 1 ಇದ್ದರೆ ಮೇಲೆ 6 ಅಥವಾ 11. ನಮ್ಮಲ್ಲಿ 13 ಚಾನಲ್ ಇದ್ದರೂ ಒಂದಕ್ಕೊಂದು ತಾಗದಂತೆ ಕೂರುವುದು ಈ ಮೂರೇ, ಅದೂ ಚಾನಲ್ ಅಗಲ 20 ಮೆಗಾಹರ್ಟ್ಸ್ ಇಟ್ಟಾಗ. 'ಖಾಲಿ ಇದೆ' ಎಂದು 3 ಅಥವಾ 4 ಆರಿಸಿದರೆ 1ರವರಿಗೂ 6ರವರಿಗೂ ತೊಂದರೆ, ಅವರಿಬ್ಬರಿಂದ ನಿಮಗೂ ತೊಂದರೆ. ಒಂದೇ ಚಾನಲ್‌ನಲ್ಲಿರುವ ರೌಟರ್‌ಗಳು ಸರದಿ ಪಾಲಿಸುತ್ತವೆ, ಅರೆಬರೆ ಮೇಲೆ ಬಿದ್ದವು ಪರಸ್ಪರ ಮಾತು ಅರ್ಥವಾಗದೆ ಬರೀ ಗದ್ದಲವಾಗುತ್ತವೆ. 13 ಕೂಡ ಬೇಡ, ಅಮೆರಿಕದಿಂದ ತಂದ ಕೆಲವು ಫೋನು ಲ್ಯಾಪ್‌ಟಾಪುಗಳಿಗೆ ಅದು ಕಾಣಿಸುವುದೇ ಇಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149, ಅಗಲ 80. ನಡುವಿನ 52ರಿಂದ 144ರವರೆಗಿನವು ರಡಾರ್ ಜೊತೆ ಹಂಚಿಕೊಂಡ ಚಾನಲ್‌ಗಳು. ಅಲ್ಲಿ ರೌಟರ್ ಶುರುವಾಗುವ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಡಬೇಕು, ರಡಾರ್ ಸದ್ದು ಕೇಳಿದರೆ ಜಾಗ ಖಾಲಿ ಮಾಡಬೇಕು. ಮೀಟಿಂಗ್ ನಡುವೆ ಹಾಗಾದರೆ ಮಗಳು ನಿಮ್ಮನ್ನೇ ಕೇಳುತ್ತಾಳೆ.

ಒಂದು ಸಣ್ಣ ಕಿರಿಕಿರಿ ಉಳಿಯಬಹುದು. ಮೆಟ್ಟಿಲು ಹತ್ತಿದ ಮೇಲೂ ಫೋನ್ ಕೆಳಗಿನ ರೌಟರನ್ನೇ ಹಿಡಿದುಕೊಂಡಿರುತ್ತದೆ. ಯಾವುದಕ್ಕೆ ಸೇರಬೇಕೆಂದು ತೀರ್ಮಾನಿಸುವುದು ಫೋನೇ. ಕೆಳಗಿನ ಪೆಟ್ಟಿಗೆಯ ಟ್ರಾನ್ಸ್‌ಮಿಟ್ ಪವರ್ ಅನ್ನು ಹೈನಿಂದ ಮೀಡಿಯಮ್‌ಗೆ ಇಳಿಸಿದರೆ ಸರಿಹೋಗುತ್ತದೆ. ಹೀಗೆ ದುರ್ಬಲ ಸಿಗ್ನಲ್‌ಗೆ ಜೋತುಬಿದ್ದ ಒಂದು ಫೋನ್ ತನಗೊಬ್ಬನಿಗಲ್ಲ, ಮನೆಮಂದಿಗೆಲ್ಲ ನಿಧಾನ ತರುತ್ತದೆ. ಒಂದೇ ಕೌಂಟರಿನ ಪೋಸ್ಟಾಫೀಸಿನಲ್ಲಿ ಮುಂದಿನವರು ಚಿಲ್ಲರೆ ಎಣಿಸುತ್ತ ನಿಂತರೆ ಹಿಂದಿನವರೆಲ್ಲ ಕಾಯಬೇಕಲ್ಲ, ಗಾಳಿಯಲ್ಲಿನ ಸಮಯವೂ ಹಾಗೆ: 6 ಎಂಬಿಪಿಎಸ್‌ನಲ್ಲಿ ಮಾತಾಡುವ ಸಾಧನ ಅದೇ ಮಾತಿಗೆ 300ರವನಿಗಿಂತ ಐವತ್ತು ಪಟ್ಟು ಹೊತ್ತು ಹಿಡಿಯುತ್ತದೆ.

ಇನ್ನು ಭದ್ರತೆ. ಮೊಬೈಲ್ ನಂಬರೇ ಪಾಸ್‌ವರ್ಡ್ ಆಗಿರುವುದು ನಿಮ್ಮೊಬ್ಬರ ಮನೆಯಲ್ಲಲ್ಲ. ಸಂಪರ್ಕ ಕೊಡಲು ಬಂದ ಹುಡುಗ ಅವಸರದಲ್ಲಿ ಅದನ್ನೇ ಹಾಕಿ ಹೋಗುತ್ತಾನೆ, ನೆನಪಿರಲಿ ಅಂತ ನಾವೂ ಬಿಡುತ್ತೇವೆ. ಅದರ ಗಟ್ಟಿತನ ಎಷ್ಟು ನೋಡಿ. ನಮ್ಮ ಮೊಬೈಲ್ ನಂಬರ್ ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಒಟ್ಟು 400 ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಆದರೆ ಡಬ್ಲ್ಯುಪಿಎ2 ಎಂಬ ಭದ್ರತಾ ಕ್ರಮದ ವೈಫೈ ಜಾಲದಲ್ಲಿ ಫೋನೊಂದು ರೌಟರ್‌ಗೆ ಸೇರುವ ಕ್ಷಣದ ಮಾತುಕತೆಯನ್ನು ರಸ್ತೆಯಲ್ಲಿ ನಿಂತವನೂ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಅವನು ನಿಮ್ಮ ರೌಟರ್ ಬಾಗಿಲು ತಟ್ಟುವುದೇ ಇಲ್ಲ, ತನ್ನ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದೊಂದೇ ಪಾಸ್‌ವರ್ಡ್ ಹೊಂದಿಸಿ ನೋಡುತ್ತಾನೆ. ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆ ಪರೀಕ್ಷಿಸುತ್ತದೆ. 400 ಕೋಟಿಗೆ ನಾಲ್ಕು ಸಾವಿರ ಸೆಕೆಂಡ್, ಅಂದರೆ ಒಂದು ಗಂಟೆ ಏಳು ನಿಮಿಷ. ನಿಮ್ಮ ನಂಬರ್ ಗೊತ್ತಿರುವ ಪಕ್ಕದ ಮನೆಯವರಿಗೆ ಅದೂ ಬೇಡ.

ಬದಲಿಗೆ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯಿರಿ: ಹುಣಸೆ, ಗುದ್ದಲಿ, ಮಂಗಳವಾರ, ಚಕ್ಕುಲಿ, ಕಿಟಕಿ ಎಂಬಂತೆ. ಈ ಐದನ್ನೇ ಬಳಸಬೇಡಿ, ಇಲ್ಲಿ ಅಚ್ಚಾಗಿಹೋಯಿತು. ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಪದ ಆರಿಸಿ, ನಿಮಗೆ ತೋಚಿದ್ದನ್ನಲ್ಲ. ಐದು ಸಾವಿರ ಪದಗಳಿಂದ ಹೀಗೆ ನಾಲ್ಕು ಆರಿಸಿದರೆ ಮೇಲಿನ ಅದೇ ಕಂಪ್ಯೂಟರ್‌ಗೆ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 20 ವರ್ಷ, ಐದನೆಯ ಪದ ಸೇರಿಸಿದರೆ ಹತ್ತಿರ ಹತ್ತಿರ ಒಂದು ಲಕ್ಷ ವರ್ಷ. ವಚನದ ಸಾಲು, ಹಾಡಿನ ಪಲ್ಲವಿ, ದೇವರ ನಾಮ ಇವು ಪದಗಳ ಲೆಕ್ಕದಲ್ಲಿ ಉದ್ದವಿದ್ದರೂ ಊಹೆಯ ಪಟ್ಟಿಯಲ್ಲಿ ಒಂದೇ ಸಾಲು. ಪಾಸ್‌ವರ್ಡ್ 8ರಿಂದ 63 ಅಕ್ಷರದೊಳಗಿರಬೇಕು. ಕನ್ನಡ ಲಿಪಿಯಲ್ಲೇ ಬರೆಯುತ್ತೇನೆಂದರೆ ರೌಟರ್ ಒಪ್ಪುವುದಿಲ್ಲ.

ಭದ್ರತೆಯ ಬಗೆ ಆರಿಸುವಾಗ ಅದಕ್ಕಿಂತ ಹೊಸದಾದ ಡಬ್ಲ್ಯುಪಿಎ3 ಇದ್ದರೆ ಡಬ್ಲ್ಯುಪಿಎ2 ಜೊತೆ ಬೆರೆತ ಮೋಡ್ ಇಡಿ. 2018ರಲ್ಲಿ ಬಂದ ಈ ಹೊಸ ಕ್ರಮದಲ್ಲಿ ಮಾತುಕತೆ ಕದ್ದು ಮನೆಗೊಯ್ದು ಊಹಿಸುವ ಆಟ ನಡೆಯುವುದಿಲ್ಲ. ಆದರೆ ಬೆರೆತ ಮೋಡಿನಲ್ಲಿ ಹಳೆಯ ಸಾಧನಗಳು ಡಬ್ಲ್ಯುಪಿಎ2ರಲ್ಲೇ ಸೇರುತ್ತವೆ, ಆದ್ದರಿಂದ ಉದ್ದ ಪಾಸ್‌ವರ್ಡ್ ಬೇಕೇ ಬೇಕು. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೆಯ ಟಿವಿ, ಪ್ರಿಂಟರ್, ಅಗ್ಗದ ಸ್ಮಾರ್ಟ್ ಬಲ್ಬು ಸೇರದೆ ಮುಷ್ಕರ ಹೂಡುತ್ತವೆ. ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸುವ ಕ್ರಮಗಳ ಪಟ್ಟಿಯಲ್ಲಿ ಟಿಕೆಐಪಿ ಎಂಬುದು ಕಂಡರೆ ಅತ್ತ ಹೋಗಬೇಡಿ, ಎಇಎಸ್ ಮಾತ್ರ. ಟಿಕೆಐಪಿ ಹಳತು, ದುರ್ಬಲ. ಜೊತೆಗೆ ಅದರ ಮೇಲೆ ವೈಫೈ 54 ಎಂಬಿಪಿಎಸ್ ದಾಟುವುದಿಲ್ಲ. ವೇಗಕ್ಕೆಂದು ಪ್ಲಾನ್ ಬದಲಿಸಿದ ಎಷ್ಟೋ ಮನೆಗಳಲ್ಲಿ ನಿಜವಾದ ಕಟ್ಟೆ ಈ ಒಂದು ಆಯ್ಕೆಯಲ್ಲಿರುತ್ತದೆ.

ಡಬ್ಲ್ಯುಪಿಎಸ್ ಆಫ್ ಮಾಡಿ. ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಸೇರಿಸುವ ಸೌಲಭ್ಯ ಅದು. ಆ ಪಿನ್ನಿನ ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕಹಾಕಿ ಬರುವಂಥದ್ದು, ಮೇಲಾಗಿ ರೌಟರ್ ಮೊದಲ ನಾಲ್ಕು ಸರಿಯೋ ಇಲ್ಲವೋ ಎಂದು ಪ್ರತ್ಯೇಕವಾಗಿ ಹೇಳಿಬಿಡುತ್ತದೆ. ಹಾಗಾಗಿ ಹತ್ತು ಸಾವಿರ ಮತ್ತು ಒಂದು ಸಾವಿರ, ಒಟ್ಟು 11,000 ಪ್ರಯತ್ನದಲ್ಲಿ ಬೀಗ ತೆರೆಯುತ್ತದೆ. 2011ರಲ್ಲೇ ಬಯಲಾದ ಈ ದೋಷ ಇರುವ ಪೆಟ್ಟಿಗೆಗಳು ಇಂದಿಗೂ ಮನೆಗಳಲ್ಲಿವೆ. ಎಷ್ಟೇ ಉದ್ದದ ಪಾಸ್‌ವರ್ಡ್ ಇದ್ದರೂ ಇದು ಹಿತ್ತಲ ಬಾಗಿಲು.

ರೌಟರ್ ಸೆಟ್ಟಿಂಗ್ ಪುಟದ ಪಾಸ್‌ವರ್ಡ್ ವೈಫೈ ಪಾಸ್‌ವರ್ಡಿಗಿಂತ ಬೇರೆ, ಅದನ್ನು ಜನ ಮುಟ್ಟುವುದೇ ಇಲ್ಲ. ಅಡ್ಮಿನ್-ಅಡ್ಮಿನ್ ಹಾಗೇ ಇದ್ದರೆ ಒಳಬಂದ ಅತಿಥಿ ನಿಮ್ಮ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ ಬದಲಿಸಿ ಬ್ಯಾಂಕಿನ ಹೆಸರಿನ ನಕಲಿ ಪುಟಕ್ಕೆ ಕರೆದೊಯ್ಯಬಹುದು. 2016ರಲ್ಲಿ ಮಿರಾಯ್ ಎಂಬ ಹುಳ ಕ್ಯಾಮೆರಾ, ಡಿವಿಆರ್, ರೌಟರ್‌ಗಳಿಗೆ ನುಗ್ಗಿದ್ದು ಇಂಥ ಅರವತ್ತರಷ್ಟು ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು. ಹೊರಗಿನಿಂದ ಸೆಟ್ಟಿಂಗ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇರಲಿ, ಮನೆಯ ಸಾಧನಗಳು ಹೊರಗಿನವರಿಗೆ ತಾವೇ ದಾರಿ ತೆರೆಯಲು ಬಿಡುವ ಯುಪಿಎನ್‌ಪಿ ಬೇಡದಿದ್ದರೆ ಅದೂ ಆಫ್. ಫರ್ಮ್‌ವೇರ್ (ರೌಟರ್ ಒಳಗಿನ ತಂತ್ರಾಂಶ) ಅಪ್‌ಡೇಟ್ ಇದೆಯೇ ನೋಡಿ. ಕಂಪನಿ ಕೊಟ್ಟ ಪೆಟ್ಟಿಗೆಯಾದರೆ ಅವರೇ ದೂರದಿಂದ ಮಾಡುತ್ತಾರೆ, ನೀವು ಹುಡುಕಿ ತಂದ ಫೈಲ್ ಹಾಕಲು ಹೋಗಬೇಡಿ. ಅದೇ ಪೆಟ್ಟಿಗೆಯ ಹಿಂದಿನ ರೀಸೆಟ್ ತೂತಿಗೆ ಪಿನ್ ಚುಚ್ಚುವುದಂತೂ ಬೇಡವೇ ಬೇಡ. ಪಿಪಿಪಿಒಇ ಹೆಸರು, ವಿಲ್ಯಾನ್ ಸಂಖ್ಯೆ ಮುಂತಾಗಿ ಕಂಪನಿ ಹಾಕಿಟ್ಟ ಸಂಪರ್ಕದ ವಿವರವೆಲ್ಲ ಅಳಿಸಿಹೋಗುತ್ತದೆ, ಮತ್ತೆ ಟೆಕ್ನಿಷಿಯನ್ ಬರುವವರೆಗೆ ಮನೆಗೆ ನೆಟ್ ಇರುವುದಿಲ್ಲ.

ವೈಫೈ ಹೆಸರು ಮುಚ್ಚಿಡಿ, ಮ್ಯಾಕ್ ವಿಳಾಸದ (ಪ್ರತಿ ಸಾಧನದ ಗುರುತು ಸಂಖ್ಯೆ) ಪಟ್ಟಿ ಮಾಡಿ ಅದರಲ್ಲಿದ್ದವರನ್ನಷ್ಟೇ ಬಿಡಿ ಎಂಬ ಸಲಹೆಗಳು ಇನ್ನೂ ಓಡಾಡುತ್ತಿವೆ. ಎರಡಕ್ಕೂ ಸಮಯ ವ್ಯರ್ಥ ಮಾಡಬೇಡಿ. ಮುಚ್ಚಿಟ್ಟ ಹೆಸರನ್ನು ನಿಮ್ಮ ಫೋನೇ ಹೋದಲ್ಲೆಲ್ಲ ಕೂಗಿ ಕರೆಯುತ್ತದೆ. ಮ್ಯಾಕ್ ವಿಳಾಸ ಗಾಳಿಯಲ್ಲಿ ಬಯಲಾಗಿಯೇ ಹಾರಾಡುತ್ತಿರುತ್ತದೆ, ನಕಲು ಮಾಡಲು ಒಂದು ನಿಮಿಷ ಸಾಕು. ಈಚಿನ ಫೋನುಗಳು ಜಾಲಕ್ಕೊಂದು ಹುಸಿ ಮ್ಯಾಕ್ ಬಳಸುವುದರಿಂದ ಪಟ್ಟಿ ಕೊನೆಗೆ ಹೊರಗಿಡುವುದು ಮನೆಯವರನ್ನೇ.

ನೆಂಟರು, ಬಾಡಿಗೆಯವರು, ಸಿಸಿಟಿವಿ, ಟಿವಿ, ಬಲ್ಬು ಇವಕ್ಕೆಲ್ಲ ಗೆಸ್ಟ್ ನೆಟ್‌ವರ್ಕ್ ತೆರೆಯಿರಿ. ಅಲ್ಲಿದ್ದವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಲ್ಯಾಪ್‌ಟಾಪ್ ಕಾಣಿಸುವುದಿಲ್ಲ. ಬಂದವರಿಗೆ ಕ್ಯೂಆರ್ ತೋರಿಸುವುದು ಈಗ ರೂಢಿ. ಆ ಚೌಕದೊಳಗೆ ಪಾಸ್‌ವರ್ಡ್ ಬರೀ ಅಕ್ಷರಗಳಲ್ಲೇ ಇದೆ, ಫೋಟೊ ತೆಗೆದವನಿಗೆ ಅದು ಸಿಕ್ಕಂತೆ. ವೈಫೈ ಪಾಸ್‌ವರ್ಡ್ ಹಂಚುವ ಆಪ್‌ಗಳಿವೆ, ಅವನ್ನು ಹಾಕಿಕೊಂಡ ಒಬ್ಬನಿಂದ ಊರಿಗೆಲ್ಲ ಹೋಗಬಹುದು. ಗೆಸ್ಟ್ ಜಾಲವಾದರೆ ಅದೊಂದರ ಪಾಸ್‌ವರ್ಡ್ ಬದಲಿಸಿದರಾಯಿತು. ಒಂದು ಎಚ್ಚರ: ಮಹಡಿಯಲ್ಲಿಟ್ಟ ಹಳೆಯ ರೌಟರ್ ಆಕ್ಸೆಸ್ ಪಾಯಿಂಟ್ ಆದಮೇಲೆ ಅದರ ಗೆಸ್ಟ್ ಜಾಲ ಹಲವು ಮಾದರಿಗಳಲ್ಲಿ ನಿಜವಾಗಿ ಬೇರ್ಪಡುವುದಿಲ್ಲ. ಗೆಸ್ಟ್ ಕೆಳಗಿನದರಲ್ಲಿ ಮಾತ್ರ ಇರಲಿ.

ಪಕ್ಕದವರು ಬಳಸುತ್ತಿದ್ದಾರೆಯೇ ಎಂಬ ಅನುಮಾನ ತೀರಲು ಪತ್ತೇದಾರಿ ಬೇಡ, ಪಾಸ್‌ವರ್ಡ್ ಬದಲಾದ ದಿನವೇ ಎಲ್ಲರೂ ಹೊರಗೆ. ಇದು ಬರೀ ಡೇಟಾ ಹಂಚಿಕೆಯ ಮಾತಲ್ಲ. 2008ರ ಅಹಮದಾಬಾದ್ ಸ್ಫೋಟಕ್ಕೆ ಮುನ್ನ ಭಯೋತ್ಪಾದಕರು ಇಮೇಲ್ ಕಳುಹಿಸಿದ್ದು ನವಿ ಮುಂಬೈಯ ನಿವಾಸಿಯೊಬ್ಬರ ಭದ್ರತೆಯಿಲ್ಲದ ವೈಫೈ ಮೂಲಕ. ಪೊಲೀಸರು ಮೊದಲು ಹೋಗಿ ನಿಂತದ್ದು ಅವರ ಬಾಗಿಲಲ್ಲಿ. ಐಪಿ ವಿಳಾಸ ಯಾರ ಹೆಸರಿನಲ್ಲಿದೆಯೋ ಪ್ರಶ್ನೆ ಅವರಿಗೇ.

ಕರೆಂಟಿನ ವಿಷಯಕ್ಕೆ ಬರೋಣ. ಎರಡು ಪೆಟ್ಟಿಗೆಗಳಿಗೂ ಒಂದೊಂದು ರೌಟರ್ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲಿನ ಬರಹ ಓದಿ: 12 ವೋಲ್ಟ್ 1.5 ಆಂಪ್ ಎಂದಿದ್ದರೆ ಯುಪಿಎಸ್ 12 ವೋಲ್ಟಿನದೇ ಆಗಿರಬೇಕು, ಆಂಪ್ 1.5 ಅಥವಾ ಅದಕ್ಕಿಂತ ಹೆಚ್ಚು. ಆಂಪ್ ಹೆಚ್ಚಿದ್ದರೆ ಕೆಡುಕಿಲ್ಲ, ವೋಲ್ಟ್ ತಪ್ಪಿದರೆ ರೌಟರ್ ಸುಡುತ್ತದೆ. 9 ವೋಲ್ಟಿನ ಹಳೆಯ ರೌಟರ್‌ಗೆ 12ರದು ಚುಚ್ಚಬೇಡಿ, ಪಿನ್ ಒಂದೇ ಅಳತೆಯದಿರುತ್ತದೆ. ಪಿನ್ನಿನ ಒಳಗು ಪ್ಲಸ್ ಎಂದು ತೋರಿಸುವ ಚಿಹ್ನೆ ಎರಡರಲ್ಲೂ ಒಂದೇ ಇರಲಿ. ಒಳಗೆ 2000 ಎಂಎಎಚ್‌ನ ಮೂರು ಸೆಲ್ ಇದ್ದರೆ ಒಟ್ಟು 22 ವಾಟ್-ಗಂಟೆ. ನಷ್ಟ ಕಳೆದು 8 ವಾಟಿನ ಪೆಟ್ಟಿಗೆಗೆ ಎರಡು ಗಂಟೆ ಚಿಲ್ಲರೆ. ಡಬ್ಬದ ಮೇಲೆ ನಾಲ್ಕು ಗಂಟೆ ಎಂದಿದ್ದರೆ ಅದು 4-5 ವಾಟಿನ ಚಿಕ್ಕ ರೌಟರ್‌ನ ಲೆಕ್ಕ. ಯುಪಿಎಸ್ ಇದ್ದೂ ನೆಟ್ ಹೋದರೆ, ಬೀದಿ ಕೊನೆಯ ಕಂಪನಿ ಪೆಟ್ಟಿಗೆಗೂ ಕರೆಂಟ್ ಹೋಗಿರಬಹುದು, ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಮಲೆನಾಡಿನ ಅಂಚಿನವರಾದ್ದರಿಂದ ಸಿಡಿಲಿನ ಬಗ್ಗೆಯೂ ಹೇಳಲೇಬೇಕು. ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯದು. ಆದರೆ ಕಂಬದಿಂದ ಬರುವ ಕಪ್ಪು ತಂತಿಯಲ್ಲಿ ಭಾರ ಹೊರಲು ಉಕ್ಕಿನ ಎಳೆಯೊಂದು ಇರುತ್ತದೆ. ಅದನ್ನು ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಬೇಕು, ಫೈಬರ್ ಮಾತ್ರ ಒಳಗೆ ಬರಬೇಕು. ಅನೇಕ ಮನೆಗಳಲ್ಲಿ ಅದು ರೌಟರ್‌ವರೆಗೂ ಬಂದಿರುತ್ತದೆ. ಹಿತ್ತಲ ಕೊಟ್ಟಿಗೆಗೋ ಪಕ್ಕದ ಕಟ್ಟಡಕ್ಕೋ ಬಯಲಿನಲ್ಲಿ ಎತರ್ನೆಟ್ ತಾಮ್ರ ಎಳೆಯುವ ಯೋಚನೆ ಬಂದರೆ ಬಿಡಿ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಆ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಎರಡೂ ತುದಿಯ ಪೋರ್ಟ್ ಸುಡಲು ಸಾಕು. ಅಲ್ಲಿಗೆ ಫೈಬರ್ ಎಳೆಸಿ, ಇಲ್ಲವೇ ಎದುರುಬದುರು ಕಾಣುವ ಜಾಗವಾದರೆ 5 ಗಿಗಾಹರ್ಟ್ಸ್‌ನ ಒಂದು ಜೋಡಿ ಹೊರಾಂಗಣ ಲಿಂಕ್ ಹಾಕಿ. ನಡುವೆ ಅಡಿಕೆ ಮರ ಬಂದರೆ ಅದು ಬೇಸಗೆಯಲ್ಲಿ ಓಡಿ ಆಷಾಢದಲ್ಲಿ ನಿಲ್ಲುತ್ತದೆ, ಒದ್ದೆ ಸೋಗೆ ಸಿಗ್ನಲ್ ಕುಡಿಯುವುದರಲ್ಲಿ ಕಲ್ಲಿನ ಗೋಡೆಗೇನೂ ಕಡಿಮೆಯಿಲ್ಲ.